ಚಿಗವ್ವ ಗವಿ ಹೊಕ್ಕದ್ದು

ಕಳೆದ ವರ್ಷ ಜನವರಿಯ ಒಂದು ಭಾನುವಾರ, ಹೈದರಾಬಾದಿನ ಹೊರವಲಯದ ಪಟಾನ್‌ಚೆರು ದಾಟಿದ ಮೇಲೆ ಸಿಗುವ ಬಂಡೆಗುಡ್ಡವೊಂದರ ಗವಿಯೊಳಗೆ ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ, ಹೊಕ್ಕಳು. ವಯಸ್ಸು ಅರವತ್ತಾರು. ಉಟ್ಟದ್ದು ಇಳಕಲ್ ಸೀರೆ, ಕಾಲಿಗೆ ನನ್ನ ಹಳೆಯ ಕ್ಯಾನ್ವಾಸ್ ಬೂಟು, ತಲೆಗೆ ಸ್ಕೂಟರಿನ ಹೆಲ್ಮೆಟ್ಟು. ಬಂಡೆ ಉರುಳುವ ಅಪಾಯವಿದೆ, ಒಳಗೆ ಹೋಗಬಾರದು ಎಂಬ ಫಲಕ ಗವಿಯ ಬಾಯಲ್ಲೇ ಇತ್ತು. ನಾನು ಓದಿ ಹೇಳಿದೆ. "ಇದನ್ನ ಮೂವತ್ತು ವರ್ಷ ಮೊದಲ ಹಾಕಬೇಕಿತ್ತು" ಎಂದು ಆಕೆ ಅದರ ಪಕ್ಕದಿಂದಲೇ ನುಸುಳಿದಳು.

ನಮ್ಮ ಬಳಗದಲ್ಲಿ ಚಿಗವ್ವನನ್ನು ಹಟಮಾರಿ ಎನ್ನುತ್ತಾರೆ. ಇದು ಅನ್ಯಾಯ. ಹಟಮಾರಿಗಳು ದಿನಕ್ಕೊಂದು ಹಟ ಹಿಡಿಯುತ್ತಾರೆ. ಚಿಗವ್ವ ಹಿಡಿದದ್ದು ಜೀವಮಾನದಲ್ಲಿ ಒಂದೇ. ತನ್ನ ಗಂಡ ಬದುಕಿದ್ದಾರೆ ಎಂಬುದು.

ಆ ಗಂಡ, ನಮ್ಮ ಕಾಕಾ, ಕಲಬುರಗಿ ಕಡೆಯವರು. ಹೈದರಾಬಾದಿನ ಒಂದು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ನೌಕರಿ. ಕಡ್ಡಿಯಂಥ ಮೈ, ಕಡಿಮೆ ಮಾತು. ಸುಮಾರು ಮೂವತ್ತು ವರ್ಷದ ಹಿಂದೆ ಕಾರ್ತಿಕ ಮಾಸದಲ್ಲಿ ಕಾಲೊನಿಯ ತೆಲುಗು, ಕನ್ನಡ ಕುಟುಂಬಗಳೆಲ್ಲ ಸೇರಿ ಆ ಗುಡ್ಡದ ಬುಡಕ್ಕೆ ವನಭೋಜನಕ್ಕೆ ಹೋಗಿದ್ದವು. ಊಟವಾದ ಮೇಲೆ ಮಾತು ಗವಿಯ ಕಡೆ ತಿರುಗಿತು. ರಜಾಕಾರರ ಕಾಲದಲ್ಲಿ ಸುತ್ತಲಿನ ಹಳ್ಳಿಯವರು ಬಂಗಾರವನ್ನು ಅದರೊಳಗೆ ಹುಗಿದಿಟ್ಟು ಮತ್ತೆ ತೆಗೆಯಲು ಬರಲಿಲ್ಲವೆಂದು ಒಬ್ಬರು ಹೇಳಿದರು. ಒಳಗೊಬ್ಬ ಫಕೀರ ಇನ್ನೂ ಕುಳಿತಿದ್ದಾನೆಂದು ಇನ್ನೊಬ್ಬರು. ಚಿರತೆ ಇದೆಯೆಂದು ಮತ್ತೊಬ್ಬರು. ಬಂಗಾರ, ಫಕೀರ, ಚಿರತೆ ಮೂವರೂ ಒಂದೇ ಗವಿಯಲ್ಲಿ ಅಷ್ಟು ವರ್ಷ ಹೇಗೆ ಹೊಂದಿಕೊಂಡಿದ್ದರು ಎಂದು ಯಾರೂ ಕೇಳಲಿಲ್ಲ. ಕಾಕಾ ಟಾರ್ಚು ತೆಗೆದುಕೊಂಡು ಎದ್ದರು. "ಒಂದೀಟು ನೋಡಿ ಬರ್ತೀನಿ. ಚಾ ಇಡ್ರಿ" ಅಂದರು.

ಚಹಾ ಆಯಿತು. ಆರಿತು. ಮತ್ತೆ ಬಿಸಿ ಮಾಡಿದರು. ಕಾಕಾ ಬರಲಿಲ್ಲ.

ಗಂಡಸರು ಒಳಗೆ ನುಗ್ಗಿದರು. ಹೆಂಗಸರು ಒಳಗೆ ಬರಬಾರದು, ಬಾಯಲ್ಲೇ ನಿಂತು ಕೂಗಬೇಕು ಎಂದು ತೀರ್ಮಾನವಾಯಿತು. ಚಿಗವ್ವ ಗಂಡನ ಹೆಸರು ಹೇಳುವವಳಲ್ಲ. "ಏನ್ರೀ..." ಎಂದು ಕೂಗಿದಳು. ಒಳಗಿದ್ದ ಗಂಡಸರೆಲ್ಲ ಒಟ್ಟಿಗೇ "ಆಂ" ಎಂದರಂತೆ. ಇದನ್ನು ಹೇಳಿ ಅವ್ವ ಈಗಲೂ ನಗುತ್ತಾಳೆ, ನಕ್ಕು ಕಣ್ಣೊರೆಸಿಕೊಳ್ಳುತ್ತಾಳೆ.

ಒಳಗೆ ಎಡಗಡೆ ಒಂದು ಸೀಳು. ಕಲ್ಲು ಎಸೆದರೆ ತುಂಬ ಹೊತ್ತಿನ ಮೇಲೆ ನೀರಿನ ಸದ್ದು. ಎದುರಿಗೆ ಒಂದು ಇಕ್ಕಟ್ಟಾದ ಕಿಂಡಿ. ವನಭೋಜನ ಮುಗಿಸಿ ಬಂದ ಯಾವ ಹೊಟ್ಟೆಯೂ ಅದರಲ್ಲಿ ತೂರುವಂತಿರಲಿಲ್ಲ. ಹೀಗಾಗಿ ಕಾಕಾ ಸೀಳಿನಲ್ಲೇ ಬಿದ್ದಿರಬೇಕೆಂದು ಎಲ್ಲರೂ ಒಪ್ಪಿಕೊಂಡರು. ಮರುದಿನ ಹಗ್ಗ ತಂದವರು ಅದನ್ನು ಸೀಳಿಗೇ ಇಳಿಬಿಟ್ಟರು. ತಳ ಸಿಗಲಿಲ್ಲ.

ಚಿಗವ್ವ ಮಾತ್ರ ಒಪ್ಪಲಿಲ್ಲ. ಕುಂಕುಮ ಅಳಿಸಲು ಬಂದ ಹಿರಿಯರಿಗೆ "ಹೆಣ ತೋರಿಸ್ರಿ, ನಾನ ಅಳಸ್ತೀನಿ" ಅಂದಳು. ಗಂಡ ತೀರಿಕೊಂಡರೆಂದು ಬರೆದುಕೊಟ್ಟರೆ ಅವರ ಜಾಗದಲ್ಲಿ ಆಕೆಗೇ ನೌಕರಿ ಸಿಗಬಹುದು ಎಂದು ಕಾರ್ಖಾನೆಯ ಸಾಹೇಬರು ಹೇಳಿ ಕಳಿಸಿದರು. "ಅವರು ಬಂದ ಮ್ಯಾಲ ಏನ್ ಮಾಡೂದ್ರಿ? ಒಂದ ಕುರ್ಚಿ, ಇಬ್ರು" ಎಂದು ಕೇಳಿ ವಾಪಸ್ಸು ಬಂದಳು. ಕಾಚಿಗೂಡದಲ್ಲಿ ಒಂದು ಕೋಣೆ ಹಿಡಿದು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಕನ್ನಡದ ಮನೆಗಳಿಗೆ ಮಾರತೊಡಗಿದಳು.

ವಿಚಿತ್ರ ಶುರುವಾದದ್ದು ಆಮೇಲೆ. ಪ್ರತಿ ದೀಪಾವಳಿಗೆ ಸುಲ್ತಾನ್ ಬಜಾರಿಗೆ ಹೋಗಿ ಗಂಡನಿಗೊಂದು ಅಂಗಿ ತರುವಳು. ಇದರಲ್ಲೇನು ವಿಚಿತ್ರ, ಕಾಯುವ ಹೆಂಗಸು ತರುತ್ತಾಳಪ್ಪ ಎನ್ನುತ್ತೀರಿ. ಮೊದಲ ಐದಾರು ವರ್ಷ ಅಂಗಿ ಮೂವತ್ತೆಂಟರ ಅಳತೆಯದು. ಆಮೇಲೊಂದು ವರ್ಷ ಆಕೆ ಅಂಗಡಿಯವನಿಗೆ ನಲವತ್ತರದು ತೋರಿಸು ಎಂದಳು. ಜೊತೆಗಿದ್ದ ಅವ್ವ ಬೆಚ್ಚಿದಳು.

"ಯಾಕವಾ, ದೊಡ್ಡದು?"

"ನಲವತ್ತರ ಮ್ಯಾಲ ಗಂಡಸರಿಗೆ ಹೊಟ್ಟಿ ಬರ್ತೈತಿ, ಅಕ್ಕಾ. ನಿನ್ನ ಗಂಡನ್ನ ನೋಡಿಲ್ಲೇನು?"

ಮುಂದೆ ಅದು ನಲವತ್ತೆರಡಾಯಿತು. ಹಳೆಯ ಅಳತೆಯ ಅಂಗಿಗಳೆಲ್ಲ ಮಡಿಕೆ ಬಿಚ್ಚದೆ ನನಗೆ ಬಂದವು. ನಾನು ಕಾಲೇಜು ಮುಗಿಸಿದ್ದೇ ಕಾಕಾನ ಅಂಗಿಗಳಲ್ಲಿ. ಒಂದು ವರ್ಷ ಇದ್ದಕ್ಕಿದ್ದಂತೆ ಚಟ್ನಿಯಲ್ಲಿ ಉಪ್ಪೇ ಇಲ್ಲ. ಗಿರಾಕಿಗಳು ಗೊಣಗಿದರು. ವಿಚಾರಿಸಿದರೆ, ಕಾಕಾನ ಮನೆತನದಲ್ಲಿ ಐವತ್ತು ತುಂಬಿದವರಿಗೆಲ್ಲ ಬಿ.ಪಿ. ಬರುತ್ತದೆ, ಆ ವರ್ಷ ಅವರಿಗೆ ಐವತ್ತು. "ಬಂದ ದಿನಾನ ಸಪ್ಪನ್ನ ಉಣ್ರಿ ಅಂದ್ರ ಸಿಟ್ಟಾಗ್ತಾರ. ನಾ ಮೊದಲ ರೂಢಿ ಮಾಡ್ಕೊಳ್ಳಾಕತ್ತೀನಿ" ಎಂದಳು. ಅರ್ಧ ಕಾಚಿಗೂಡ ಊರಿನಲ್ಲೇ ಇಲ್ಲದ ಮನುಷ್ಯನ ಪಥ್ಯ ಮಾಡಿತು.

ಜನಗಣತಿಯವನು ಬಾಗಿಲಲ್ಲಿ ನಿಂತು ಮನೆಯ ಯಜಮಾನ ಎಲ್ಲಿ ಎಂದು ಕೇಳಿದ. ಚಿಗವ್ವನ ಹಿಂದಿ ಸೊಗಸಾದದ್ದು.

"ಬಾಹರ್ ಗಯೇ."

"ಬಾಹರ್ ಕಹಾಂ?"

"ಗುಫಾ ಮೇ."

ಗವಿಯೊಳಗೆ ಎಂದು ಕೇಳಿದ್ದೇ ಅವನು ಪೆನ್ನಿನ ಮುಚ್ಚಳ ಹಾಕಿ ಪಕ್ಕದ ಮನೆಗೆ ಹೋದ.

ಇಷ್ಟೆಲ್ಲ ಬರೆಯುವಾಗ ಒಂದು ವಿಷಯ ಸ್ಪಷ್ಟಪಡಿಸಬೇಕು. ಆಕೆ ಭ್ರಮೆಯಲ್ಲಿದ್ದಳೆಂದು ನನಗೆ ಎಂದೂ ಅನ್ನಿಸಿಲ್ಲ. ಒಳಗೆ ದಾರಿ ತಪ್ಪಿರಬೇಕು, ತಲೆಗೆ ಪೆಟ್ಟು ಬಿದ್ದು ಮನೆ ಮರೆತಿರಬೇಕು, ಎಲ್ಲೋ ಯಾರೋ ಅನ್ನ ಹಾಕುತ್ತಿರಬೇಕು. ಹೀಗೆ ಲೆಕ್ಕ ಹಾಕಿದ್ದಳು. ಆ ಲೆಕ್ಕದಲ್ಲಿ ಕಾಕಾಗೆ ಬರುವ ಮನಸ್ಸಿತ್ತು, ಬರಲು ಆಗುತ್ತಿರಲಿಲ್ಲ, ಅಷ್ಟೇ.

ಕಳೆದ ವರ್ಷ ಆ ಗುಡ್ಡವನ್ನು ಒಡೆದು ಸೈಟು ಮಾಡುತ್ತಾರೆಂಬ ಸುದ್ದಿ ನಾನು ಕೆಲಸ ಮಾಡುವ ಪತ್ರಿಕೆಯ ಕಚೇರಿಗೆ ಬಂತು. ಊಟದ ಹೊತ್ತಿಗೆ ಬಾಯಿತಪ್ಪಿ ಹೇಳಿದೆ. ಅಂದು ನಮ್ಮಲ್ಲಿ ಊಟಕ್ಕೆ ಬಂದಿದ್ದ ಚಿಗವ್ವ ತಟ್ಟೆ ಬಿಟ್ಟು ಎದ್ದಳು.

"ಒಡಿಯೂದ್ರೊಳಗ ನಾ ಒಂದ್ಸಲ ನೋಡಬೇಕು. ಅವತ್ತು ನನ್ನ ಒಳಗ ಬಿಡಲಿಲ್ಲ."

"ಬಂಡಿಗಲ್ಲು ಮೈಮ್ಯಾಲ ಬಿದ್ದರ?" ಅವ್ವ ಕೇಳಿದಳು.

"ಬಿದ್ದರ ಇಬ್ರೂ ಒಂದ ಕಡೆ ಇರ್ತೀವಿ."

"ಅವರು ಬದುಕ್ಯಾರ ಅಂತಿದ್ದಿ?"

"ಬದುಕಿದ್ರ ಕರಕೊಂಡು ಬರ್ತೀನಿ. ನಿಂದೇನು ಹೋಗ್ತೈತಿ?"

ಅಪಾಯ ಸುಳ್ಳಲ್ಲ. ಗುಡ್ಡದ ಆಚೆ ಬದಿಗೆ ಸಿಡಿಮದ್ದಿನ ಕೆಲಸ ಆಗಲೇ ಶುರುವಾಗಿ ಗವಿಯ ಚಾವಣಿಯ ಬಂಡೆಗಳಲ್ಲಿ ಹೊಸ ಬಿರುಕುಗಳು ಕಾಣುತ್ತಿದ್ದವು. ಕೆಲಸಕ್ಕೆ ರಜೆ ಎಂದೇ ಭಾನುವಾರ ಹೋದೆವು. ಒಳಗೆ ಬಾವಲಿಗಳ ನಾತ. ಎಲ್ಲಿಂದಲೋ ಮರಳು ಉದುರುವ ಸಣ್ಣ ಸದ್ದು. ಸೀಳಿನ ಹತ್ತಿರ ಚಿಗವ್ವ ನಿಂತಳು. ಟಾರ್ಚು ಬಿಟ್ಟು ನೋಡಿದಳು. ಕೂಗುತ್ತಾಳೆ ಎಂದುಕೊಂಡೆ, ಕೂಗಲಿಲ್ಲ. ಮುಂದೆ ಹೋಗಿ ಕಿಂಡಿಯಲ್ಲಿ ಹೆಲ್ಮೆಟ್ ಸಮೇತ ತಲೆ ತೂರಿಸಿದಳು. ಸಿಕ್ಕಿಕೊಂಡಿತು. ಬೈದು ಹೆಲ್ಮೆಟ್ ಕಳಚಿ ನನ್ನ ಕೈಗೆ ಕೊಟ್ಟು ತೆವಳಿದಳು.

"ತಮ್ಮಾ, ಗಾಳಿ ಬರಾಕತ್ತೈತಿ" ಎಂದು ಆಚೆಯಿಂದ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಕರೆದೆ. ಉತ್ತರವಿಲ್ಲ. ಅಂಗಿ ಹರಿದುಕೊಂಡು, ಉಸಿರು ಬಿಗಿಹಿಡಿದು ನಾನೂ ತೂರಿದೆ. ಆಚೆ ದಾರಿ ಅಗಲವಾಯಿತು, ಒಂದು ತಿರುವಿನ ಮೇಲೆ ಬೆಳಕು ಕಂಡಿತು. ಗುಡ್ಡದ ಇನ್ನೊಂದು ಮಗ್ಗುಲಿಗೆ ಆಳೆತ್ತರದ ಬಾಯಿ. ಹೊರಗೆ ಸೀಗೆ ಮುಳ್ಳಿನ ಪೊದೆ. ಚಿಗವ್ವ ಬಂಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಕೆಳಗೆ ಮುಂಬೈ ಹೆದ್ದಾರಿ. ನೇರ ಕೆಳಗೆ ಕಲ್ಲು ಕಟ್ಟಡದ ಒಂದು ಹಳೆಯ ಬಸ್ ಸ್ಟಾಪು. ಕಲಬುರಗಿಯ ಬಸ್ಸೊಂದು ನಿಂತು, ಇಬ್ಬರನ್ನು ಹತ್ತಿಸಿಕೊಂಡು ಹೊರಟಿತು.

"ಬಸ್ ಸ್ಟಾಪ್ ಐತಿ" ಎಂದಳು.

ನಾನು ಪಕ್ಕದಲ್ಲಿ ಕುಳಿತೆ.

"ಅವರಿಗೆ ಬರಾಕ ಆಗವಲ್ದು ಅಂತ ತಿಳಿದಿದ್ದೆ, ತಮ್ಮಾ. ಹಂಗಲ್ಲ. ಬಂದಿಲ್ಲ."

ಮನೆಗೆ ಬಂದ ಮೇಲೆ ಅವ್ವ ಸಮಾಧಾನ ಹೇಳಲು ಹೋಗಿ "ನೀ ಹೇಳಿದ್ದ ಖರೆ ಆತಲ್ಲ, ಅವರು ನೀರಾಗ ಬಿದ್ದಿಲ್ಲ" ಅಂದಳು. ಚಿಗವ್ವ "ಹೂಂ" ಅಂದಳು. ಮೂವತ್ತು ವರ್ಷ ಇಡೀ ಬಳಗದ ಜೊತೆ ಜಗಳವಾಡಿ ಗೆದ್ದವಳು ರೊಟ್ಟಿ ತಟ್ಟಲು ಕುಳಿತಳು, ಒಂದೂ ಉಬ್ಬಲಿಲ್ಲ.

ಯುಗಾದಿ ಕಳೆದ ಮೇಲೆ ವಕೀಲರ ಹತ್ತಿರ ಕರೆದುಕೊಂಡು ಹೋಗು ಎಂದಳು. ನಾಂಪಲ್ಲಿಯಲ್ಲಿ ರಾಯಚೂರು ಕಡೆಯ ವಕೀಲರೊಬ್ಬರಿದ್ದಾರೆ. ಚಿಗವ್ವನಿಗೆ ಬೇಕಾದದ್ದು ವಿಚ್ಛೇದನ. ವಕೀಲರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಸುಲಭದ ದಾರಿ ಐತ್ರಿ ಅವ್ವಾರ. ಏಳು ವರ್ಷ ಸುದ್ದಿ ಇಲ್ಲದವರು ತೀರಿಕೊಂಡಾರ ಅಂತ ಕಾನೂನು ತಿಳೀತೈತಿ. ಹಂಗ ಹಾಕೂಣು."

"ಸತ್ತಾರ ಅಂತ ಬ್ಯಾಡ್ರಿ. ಬಿಟ್ಟು ಹೋಗ್ಯಾರ ಅಂತ ಬರೀರಿ."

"ಹಂಗಾದ್ರ ಅವರಿಗೆ ನೋಟಿಸ್ ಮುಟ್ಟಬೇಕು. ವಿಳಾಸ ಇಲ್ಲ. ಪೇಪರಿನ್ಯಾಗ ಹಾಕಸಬೇಕಾಗ್ತೈತಿ. ಇಲ್ಲಿ ಯಾವುದರ ತೆಲುಗು ಪೇಪರು..."

"ಅವರಿಗೆ ತೆಲುಗು ಓದಾಕ ಬರೂದಿಲ್ಲ. ಕನ್ನಡದಾಗ ಹಾಕ್ರಿ, ಕಲಬುರಗಿಗೆ ಹೋಗೂದರಾಗ. ಕ್ರಿಕೆಟ್ ಪುಟದಾಗ ಹಾಕ್ರಿ, ಅದನ್ನ ಮೊದಲ ಓದತಾರ."

ವಕೀಲರು ಬರೆದುಕೊಂಡರು. ನಾವು ಎದ್ದೆವು. ಬಾಗಿಲ ತನಕ ಹೋದ ಚಿಗವ್ವ ತಿರುಗಿ ಬಂದಳು.

"ಕೋರ್ಟಿಗೆ ಬಂದ್ರ ಅವರನ್ನ ಒಳಗ ಹಾಕ್ತಾರೇನ್ರಿ?"

"ಇಲ್ರಿ. ಇದು ಅಂಥಾ ಕೇಸಲ್ಲ."

"ಖರೆ?"

"ಖರೇನ ರೀ."

"ಹಂಗಾರ ಅದನ್ನೂ ಪೇಪರಿನ್ಯಾಗ ಬರೀರಿ. ಅಂಜತಾರ."

ಹಾಗೆ ಬರೆಯಲು ಬರುವುದಿಲ್ಲ ಎಂದು ವಕೀಲರು ತಿಳಿಸಿ ಹೇಳಿದರು. ನ್ಯಾಯಾಲಯದ ಅನುಮತಿ ಪಡೆದು ಪ್ರಕಟಣೆಯನ್ನು ಆಗಸ್ಟಿನಲ್ಲಿ ಒಂದು ಕನ್ನಡ ಪತ್ರಿಕೆಯ ಕಲಬುರಗಿ ಆವೃತ್ತಿಗೆ ಕೊಡಲಾಯಿತು. ಒಳಪುಟದಲ್ಲಿ, ಟೆಂಡರುಗಳ ನಡುವೆ, ಒಂದು ಕಾಲಮ್ಮಿನಲ್ಲಿ ಬಂತು. ಆಮೇಲೆ ಪ್ರಕರಣ ಎರಡು ಸಲ ವಿಚಾರಣೆಗೆ ಬಂದಿದೆ. ಎರಡೂ ಸಲ ಚಿಗವ್ವ ಬೆಳಿಗ್ಗೆಯೇ ಹೋಗಿ ಕೋರ್ಟು ಮುಗಿಯುವ ತನಕ ಕುಳಿತಿದ್ದಳು. ಪ್ರತಿವಾದಿ ಹಾಜರಾಗಿಲ್ಲ.