ಹಲೋ ಅನ್ನದ ಪೆಟ್ಟಿಗೆ

ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಎಂದು ಹೇಳಿ ನಾನು ಒಳಗೆ ಹೋಗಿಬಿಡುತ್ತೇನೆ. ಹೇಳಲು ನಾಚಿಕೆಯೆಂದಲ್ಲ, ಹೇಳಲು ಬರುವುದಿಲ್ಲ. ಟೀಚರು, ನರ್ಸು, ಬ್ಯಾಂಕು ಎಂದರೆ ಒಂದೇ ಮಾತಿನಲ್ಲಿ ಮುಗಿಯುತ್ತದೆ. ರಜನಿಯ ಕೆಲಸ ಹಾಗಲ್ಲ. ನಾನು ವಿಶಾಖಪಟ್ಟಣದ ಪಕ್ಕದ ಈ ಪೆಂಡುರ್ತಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಪದ್ಮಾವತಿಗಾರು ಕೇಳಿದಾಗ, ಮಗ ಹೇಳಿಕೊಟ್ಟಿದ್ದ ಮಾತನ್ನು ನೆನಪು ಮಾಡಿಕೊಂಡು "ಫೈರ್‌ವಾಲ್" ಎಂದೆ. ಆಕೆ ಬಹಳ ಗೌರವದಿಂದ ತಲೆಯಾಡಿಸಿದರು. ಆರು ತಿಂಗಳ ಮೇಲೆ ಅವರ ಅಡುಗೆಮನೆಯಲ್ಲಿ ಗ್ಯಾಸಿನ ಪೈಪು ಹೊತ್ತಿಕೊಂಡಿತು. ಆಕೆ ಮೊದಲು ಓಡಿಬಂದದ್ದು ನಮ್ಮ ಮನೆಗೆ, ರಜನಿಯನ್ನು ಹುಡುಕಿಕೊಂಡು. ಅಂದಿನಿಂದ ನಾನು ಆ ವಿಷಯದಲ್ಲಿ ಬಾಯಿ ಬಿಟ್ಟಿಲ್ಲ.

ಮಕ್ಕಳೇ, ನೀವಿಬ್ಬರೂ ತೆಲುಗಿನಲ್ಲಿ ಜಗಳವಾಡಿ ಕನ್ನಡದಲ್ಲಿ ಊಟ ಕೇಳುವವರು. ಇದನ್ನು ಓದುವುದು ಕಷ್ಟವಾದರೆ ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿ. ಹಳ್ಳಿಯ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ನಾನು ಓದಿದ್ದೂ ಹಾಗೆಯೇ. ಕಳೆದ ತಿಂಗಳು ನೀವು ಶಾಲೆಯವರ ಜೊತೆ ಭೀಮುನಿಪಟ್ಟಣಕ್ಕೆ ಹೋಗಿ ಎರಡು ದಿನ ಮರಳಿನಲ್ಲಿ ಕುಣಿದು ಬಂದಿರಲ್ಲ, ಆಗ ಮನೆಯಲ್ಲಿ ನಡೆದದ್ದನ್ನು ನಿಮ್ಮ ಅಮ್ಮ ತನ್ನದೇ ರೀತಿಯಲ್ಲಿ ಹೇಳಿ ನಿಮ್ಮನ್ನು ನಗಿಸಿದ್ದಾಳೆ. ನನ್ನ ಕಡೆಯ ಮಾತನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ, ಆ ಮಾತು ಬೇರೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಮ್ಮನ ಕಂಪನಿಯವರದು ಸೀಗಡಿ ವ್ಯಾಪಾರ. ವಿಶಾಖಪಟ್ಟಣದಲ್ಲಿ ದೊಡ್ಡ ಆಫೀಸು, ವಿಜಯವಾಡದಲ್ಲಿ ಹೊಸದೊಂದು ಶಾಖೆ. ಎರಡಕ್ಕೂ, ಹೊರಗಿನ ಕಳ್ಳರು ಕಂಪ್ಯೂಟರುಗಳಿಗೆ ನುಗ್ಗದ ಹಾಗೆ ಕಾಯುವ ಒಂದೊಂದು ಫೈರ್‌ವಾಲ್ ಪೆಟ್ಟಿಗೆ. ಆಫೀಸಿನಲ್ಲಿ ಆ ವಾರ ವಯರಿಂಗ್ ಕೆಲಸ ನಡೆಯುತ್ತಿತ್ತು ಎಂದು ಎರಡೂ ಪೆಟ್ಟಿಗೆಗಳನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಕೂರಿಸಿದಳು. ನಾನು ಸಾಂಬಾರಿನ ಪಾತ್ರೆಯನ್ನು ಎಲ್ಲಿಡಲಿ ಎಂದು ಕೇಳಿದ್ದಕ್ಕೆ, ಎರಡು ದಿನ ಕೆಳಗೆ ಕೂತು ಉಣ್ಣೋಣ ಅತ್ತೆ, ನಿಮಗೂ ಊರಿನ ಹಾಗಿರುತ್ತೆ ಎಂದಳು. ನನ್ನ ಮಂಡಿಗಳು ಊರಿನಲ್ಲಿದ್ದಾಗಿನವು ಅಲ್ಲ ಎಂದು ಅವಳಿಗೆ ಹೊಳೆಯಲಿಲ್ಲ. ಪೆಟ್ಟಿಗೆಗಳು ನೋಡಲು ಒಂದು ಹಿಡಿ ದಪ್ಪ, ಸದ್ದು ಮಾತ್ರ ಹಿಟ್ಟಿನ ಗಿರಣಿಯದು. ಜೊತೆಗೆ ಅವುಗಳಿಗೆ ಕರೆಂಟು ಹೆಚ್ಚುಕಡಿಮೆ ಆಗಬಾರದಂತೆ, ಹಾಗಾಗಿ ಮಿಕ್ಸಿ ಹಾಕುವ ಮೊದಲು ನಾನು ಅಪ್ಪಣೆ ಕೇಳಬೇಕು. ನನ್ನ ಅಡುಗೆಮನೆಯಲ್ಲಿ ಚಟ್ನಿ ಅರೆಯುವುದಕ್ಕೆ ನಾನು ಅಪ್ಪಣೆ ಕೇಳಿದ್ದು ನನ್ನ ಅತ್ತೆ ತೀರಿಕೊಂಡ ಮೇಲೆ ಅದೇ ಮೊದಲು.

ಕುಕ್ಕರ್ ಕೂಗುವುದನ್ನು ಕಾಯುತ್ತಾ ಅವಳು ನನಗೆ ಆ ಪೆಟ್ಟಿಗೆಗಳ ವ್ಯವಹಾರ ತಿಳಿಸಿ ಹೇಳಿದಳು. ಹಿಂದೆ ಯಾವ ಮಾಹಿತಿ ಯಾವ ದಾರಿಯಲ್ಲಿ ಹೋಗಬೇಕು ಎಂದು ಒಂದೊಂದನ್ನೂ ಇವರೇ ಕೈಯಲ್ಲಿ ಬರೆದಿಡಬೇಕಿತ್ತಂತೆ. ಒಂದು ದಾರಿ ಕೆಟ್ಟರೆ ಮತ್ತೆ ಕೂತು ಬರೆಯಬೇಕು. ಈಗ ಪೆಟ್ಟಿಗೆಗಳೇ ಒಂದಕ್ಕೊಂದು ದಾರಿ ಹೇಳಿಕೊಳ್ಳುತ್ತವೆ. ಅದಕ್ಕೆ ಮೊದಲು ಅವು ನೆರೆಯವರಾಗಬೇಕು. ಹತ್ತು ಸೆಕೆಂಡಿಗೊಮ್ಮೆ ಈ ಪೆಟ್ಟಿಗೆ ಆ ಪೆಟ್ಟಿಗೆಗೆ ಹಲೋ ಅನ್ನಬೇಕು, ಅದೂ ಇದಕ್ಕೆ ಹಲೋ ಅನ್ನಬೇಕು. ನಲವತ್ತು ಸೆಕೆಂಡು ಸದ್ದಿಲ್ಲದಿದ್ದರೆ ಸತ್ತಿದೆ ಎಂದು ಲೆಕ್ಕ. ನನಗೆ ಸಿಟ್ಟು ಬಂತು. ಪದ್ಮಾವತಿಗಾರು ಎರಡು ದಿನ ಬಾಗಿಲಲ್ಲಿ ಕಾಣಿಸದಿದ್ದರೆ ನೆಂಟರ ಮನೆಗೆ ಹೋಗಿರಬಹುದು ಎಂದುಕೊಳ್ಳುತ್ತೇನೆಯೇ ಹೊರತು, ನಲವತ್ತು ಸೆಕೆಂಡಿಗೆ ಯಾರಾದರೂ ಯಾರನ್ನಾದರೂ ಸಾಯಿಸುತ್ತಾರೆಯೇ? ಇನ್ನೊಂದು ವಿಷಯವನ್ನೂ ಹೇಳಿದಳು. ಪ್ಯಾಸಿವ್ ಎಂಬ ಒಂದು ಚೌಕವಿದೆಯಂತೆ. ಅದಕ್ಕೆ ಟಿಕ್ ಹಾಕಿದರೆ ಆ ಪೆಟ್ಟಿಗೆ ಯಾರಿಗೂ ಹಲೋ ಅನ್ನುವುದಿಲ್ಲ, ತಾನಿರುವುದು ಮನೆಯವರಿಗೆ ಗೊತ್ತಿದ್ದರೆ ಸಾಕು ಎಂದು ಸುಮ್ಮನಿರುತ್ತದೆ. ಇಷ್ಟರಲ್ಲಿ ನನಗೆ ಸರಿಯಾಗಿ ಅರ್ಥವಾದದ್ದು ಆ ಚೌಕ ಒಂದೇ.

ಶನಿವಾರ ಒಂದು ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರಜನಿ ವಿಜಯವಾಡದ ರೈಲು ಹತ್ತಿದಳು. ನಿಮ್ಮ ಅಪ್ಪ ಹಡಗಿನಲ್ಲಿ, ಸಮುದ್ರದ ಯಾವ ಮೂಲೆಯಲ್ಲಿದ್ದನೋ ನೌಕಾಪಡೆಯವರಿಗೇ ಗೊತ್ತು. ಇನ್ನೊಂದು ಪೆಟ್ಟಿಗೆ ಮೇಜಿನ ಮೇಲೆ, ಅದಕ್ಕೆ ಒಂದು ಲ್ಯಾಪ್‌ಟಾಪ್ ಸಿಕ್ಕಿಸಿ ಇಟ್ಟಿದ್ದಳು. ಮುಟ್ಟಬೇಡಿ ಅತ್ತೆ, ಅಷ್ಟೇ ನಿಮ್ಮ ಕೆಲಸ ಎಂದಿದ್ದಳು. ಹೊರಡುವ ಮುಂಚೆ ಇನ್ನೊಂದು ಮಾತನ್ನೂ ಹೇಳಿದಳು, ನಗುತ್ತಲೇ ಹೇಳಿದರೂ ಕಣ್ಣು ನಗುತ್ತಿರಲಿಲ್ಲ. ಮೂರು ವರ್ಷ ಫೋನಿನಲ್ಲಿ ಬೇರೆಯವರ ದೂರು ಕೇಳಿಸಿಕೊಂಡು ಕೂತವಳಿಗೆ ಒಂದು ಕೆಲಸವನ್ನು ಪೂರ್ತಿ ಅವಳ ಕೈಗೆ ಕೊಟ್ಟಿದ್ದು ಇದೇ ಮೊದಲು. ಸೋಮವಾರ ಬೆಳಿಗ್ಗೆ ಶಾಖೆಯ ಪೂಜೆ. ಭಾನುವಾರ ಸಂಜೆ ನಾಲ್ಕರೊಳಗೆ ಎರಡು ಪೆಟ್ಟಿಗೆಗಳೂ ಕೂಡಿಕೊಳ್ಳದಿದ್ದರೆ ಹಳೆಯ ಗುತ್ತಿಗೆಯವರನ್ನು ಕರೆಸುತ್ತೇನೆ, ನೀನು ವಾಪಸು ದೂರು ಕೇಳಲು ಕೂರು ಎಂದಿದ್ದರಂತೆ ಅವಳ ಸಾಹೇಬರು.

ಭಾನುವಾರ ಹನ್ನೊಂದಕ್ಕೆ ಫೋನು ಬಂತು. ವಿಜಯವಾಡದ ಪೆಟ್ಟಿಗೆ ಹಲೋ ಹಲೋ ಅನ್ನುತ್ತಿದೆ, ನಮ್ಮದು ಉಸಿರೆತ್ತುತ್ತಿಲ್ಲ. ಅವಳಿಗೆ ನೆನಪಾಯಿತು: ಇಲ್ಲಿ ಪರೀಕ್ಷೆ ಮಾಡುವಾಗ ನಮ್ಮ ಪೆಟ್ಟಿಗೆಗೆ ಆ ಪ್ಯಾಸಿವ್ ಚೌಕದಲ್ಲಿ ಟಿಕ್ ಹಾಕಿ, ತೆಗೆಯಲು ಮರೆತು ಹೋಗಿದ್ದಾಳೆ. ಅಲ್ಲಿಂದಲೇ ತೆಗೆಯಬಾರದೇ ಎಂದೆ. ಹೊರಗಿನವರು ಮುಟ್ಟಲಾಗದ ಹಾಗೆ ಅವಳೇ ಭದ್ರ ಮಾಡಿಟ್ಟಿದ್ದಾಳಂತೆ, ಈಗ ಹೊರಗಿನವಳು ಅವಳೇ. ಪದ್ಮಾವತಿಗಾರ ಮನೆಯಿಂದ ಯಾರನ್ನಾದರೂ ಕರೆಯಿರಿ ಎಂದಳು. ಭಾನುವಾರದ ಹೊತ್ತಿನಲ್ಲಿ ಒಬ್ಬರ ಮನೆ ಬಾಗಿಲು ಬಡಿಯುವುದು ನನ್ನ ಕೈಲಾಗುವ ಕೆಲಸವಲ್ಲ. ನಾನೇ ಮಾಡುತ್ತೇನೆ ಎಂದುಬಿಟ್ಟೆ. ಸಂಕೋಚದವರು ಮಾಡುವಷ್ಟು ಭಂಡ ಧೈರ್ಯವನ್ನು ಬೇರೆ ಯಾರೂ ಮಾಡುವುದಿಲ್ಲ.

ನನ್ನದು ಗುಂಡಿಯ ಫೋನು, ಪರದೆ ತೋರಿಸಲು ಬರುವುದಿಲ್ಲ. ಅದನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಕನ್ನಡಕ ಮೂಗಿನ ತುದಿಗೆ ತಂದು ಕೂತೆ. ಅವಳು ಒಂದೊಂದೇ ಅಕ್ಷರ ಹೇಳಿದಳು, ನಾನು ಒಂದೊಂದೇ ಹುಡುಕಿದೆ. ಮೌಸ್ ಎಂಬ ಆ ಇಲಿಯನ್ನು ಹಿಡಿಯುವುದೇ ಅರ್ಧ ಗಂಟೆ. ಎಡಕ್ಕೆ ಎಳೆದರೆ ಬಾಣ ಕಿಟಕಿಯ ಆಚೆ ಹೋಗಿ ಕೂತುಬಿಡುತ್ತಿತ್ತು. ಕೊನೆಗೆ ಚೌಕ ಸಿಕ್ಕಿತು, ಟಿಕ್ ಹೋಯಿತು. ಇನ್ನು ಮೇಲುಗಡೆ ಕಮಿಟ್ ಅಂತಿದೆ ಅತ್ತೆ, ಅದನ್ನು ಒತ್ತಿದರೇನೇ ಬದಲಾಯಿಸಿದ್ದು ಜಾರಿಗೆ ಬರೋದು, ಒತ್ತಿ, ಅದೊಂದು ಪ್ರಶ್ನೆ ಕೇಳುತ್ತೆ, ಉತ್ತರ ಕೊಡಿ, ಮುಗೀತು ಎಂದಳು. ಒತ್ತಿದೆ. ಪ್ರಶ್ನೆ ಬಂತು. ಉತ್ತರ ಕೊಟ್ಟೆ.

ಏನೂ ಆಗಲಿಲ್ಲ. ಟಿಕ್ ಇದೆಯಾ ನೋಡಿ ಅತ್ತೆ. ಇಲ್ಲ ಕಣಮ್ಮ, ಚೌಕ ಖಾಲಿ ಇದೆ. ಕಮಿಟ್ ಒತ್ತಿದಿರಾ? ಒತ್ತಿದೆ. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅಲ್ಲಿಂದ ಆ ಹುಡುಗಿಯ ಒದ್ದಾಟ ಶುರುವಾಯಿತು. ಹಲೋ ಅನ್ನುವ ಸಮಯ ಎರಡೂ ಕಡೆ ಒಂದೇ ಇದೆಯೇ, ನಾನು ಓದಿದೆ, ಹತ್ತು. ಗುಟ್ಟಿನ ಪದ ಒಂದೇ ಇದೆಯೇ, ಅದು ಪರದೆಯ ಮೇಲೆ ಬರೀ ಚುಕ್ಕಿಗಳು, ಎಣಿಸಿ ಹೇಳಿದೆ. ಅವಳು ಅಲ್ಲಿ ಎಲ್ಲವನ್ನೂ ಅಳಿಸಿ ಮತ್ತೆ ಬರೆದಳು. ತಂತಿ ಬದಲಾಯಿಸಿದಳು. ಇಂಟರ್ನೆಟ್ಟಿನವರ ಜೊತೆ ತೆಲುಗಿನಲ್ಲಿ ಜಗಳವಾಡಿದಳು, ಅದು ನನಗೆ ಫೋನಿನಲ್ಲಿ ಕೇಳಿಸಿತು, ಚೆನ್ನಾಗಿ ಆಡಿದಳು. ಎರಡು ಗಂಟೆಗೆ, ಯಾವುದಕ್ಕೂ ಇನ್ನೊಂದು ಸಲ ಕಮಿಟ್ ಒತ್ತಿಬಿಡಿ ಎಂದಳು. ಒತ್ತಿದೆ. ಮತ್ತೆ ಅದೇ ಪ್ರಶ್ನೆ. ಮತ್ತೆ ಉತ್ತರ ಕೊಟ್ಟೆ. ಬೆಳಿಗ್ಗೆ ತಿಂದ ಎರಡು ಇಡ್ಲಿ ಬಿಟ್ಟರೆ ಹೊಟ್ಟೆಯಲ್ಲಿ ಏನಿಲ್ಲ, ಮುಂದೆ ಆ ಪೆಟ್ಟಿಗೆ ಒಂದೇ ಸಮ ಗುರ್ರೆನ್ನುತ್ತಿದೆ, ಹೆಗಲು ಸೆಟೆದುಕೊಂಡಿದೆ. ಒಂದು ಕ್ಷಣ ಅದರ ಮೇಲೆ ಒದ್ದೆ ಬಟ್ಟೆ ಹಾಕಿಬಿಡೋಣ ಎನ್ನಿಸಿತು.

ಮೂರೂಮುಕ್ಕಾಲಿಗೆ ಬಂದ ಫೋನಿನಲ್ಲಿ ಅವಳ ದನಿ ಸಣ್ಣಗಾಗಿತ್ತು. "ಬಿಡಿ ಅತ್ತೆ, ಊಟ ಮಾಡಿ ಮಲಗಿ. ನಂದೇ ಏನೋ ತಪ್ಪಾಗಿದೆ, ಗೊತ್ತಾಗ್ತಿಲ್ಲ. ಸಾಹೇಬರಿಗೆ ಫೋನ್ ಮಾಡಿ ನನ್ನ ಕೈಲಾಗಲ್ಲ ಅಂತ ಹೇಳ್ಬಿಡ್ತೀನಿ."

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಊರಿನಲ್ಲಿ ಯಾರ ಮನೆಗಾದರೂ ಹೋದಾಗ ಕಾಫಿ ಕುಡೀತೀಯಾ ಎಂದರೆ, ಬೇಡ ಈಗ ತಾನೇ ಆಯಿತು ಎನ್ನಬೇಕು. ಎರಡನೇ ಸಲ ಕೇಳಿದರೂ ಬೇಡ. ಮೂರನೇ ಸಲಕ್ಕೆ, ಸರಿ ಅರ್ಧ ಲೋಟ ಸಾಕು ಎನ್ನಬಹುದು. ಕೇಳಿದ ಕೂಡಲೇ ಹ್ಞೂ ಅಂದವಳನ್ನು ನಾಚಿಕೆ ಬಿಟ್ಟವಳು ಎನ್ನುತ್ತಿದ್ದರು. ಆಂಧ್ರಕ್ಕೆ ಬಂದ ಮೇಲೆ ಈ ಚಟ ಇನ್ನೂ ಬೆಳೆಯಿತು, ಏಕೆಂದರೆ ಪದ್ಮಾವತಿಗಾರು ಐದು ಸಲ ಕೇಳುತ್ತಾರೆ. ನನ್ನ ಮದುವೆಗೆ ಒಪ್ಪಿಗೆಯಾ ಎಂದು ನಮ್ಮಪ್ಪ ಕೇಳಿದಾಗಲೂ ನಾನು ಎರಡು ಸಲ ಬೇಡ ಅಂದೇ ನಿಮ್ಮ ತಾತನನ್ನು ಪಡೆದದ್ದು. ಇನ್ನು ಆ ಪರದೆ ಕೇಳಿದ್ದೇನು? ನಿಮಗೆ ಖಂಡಿತವಾಗಿಯೂ ಇದು ಬೇಕೇ ಎಂದು, ಅದೂ ಇಂಗ್ಲಿಷಿನಲ್ಲಿ. ಯಾರದೋ ಕಂಪನಿ, ಯಾರದೋ ಪೆಟ್ಟಿಗೆ, ನಾನ್ಯಾರು ಖಂಡಿತ ಅನ್ನುವುದಕ್ಕೆ? ಕೈ ತಾನಾಗಿ ನೋ ಎಂಬುದರ ಮೇಲೆ ಹೋಯಿತು.

ಸಾಹೇಬರಿಗೆ ಹೇಳಿಬಿಡುತ್ತೇನೆ ಎಂದು ಅವಳು ಫೋನು ಇಡುವುದರಲ್ಲಿದ್ದಳು. ಮೂವತ್ತು ವರ್ಷ ನನ್ನ ಅತ್ತೆಯ ಮುಂದೆ ತಪ್ಪೊಪ್ಪಿಕೊಂಡು ಅಭ್ಯಾಸವಿದೆ, ಸೊಸೆಯ ಮುಂದೆ ಇಲ್ಲ.

"ರಜನಿ," ಎಂದೆ, "ಅದು ಮೂರನೇ ಸಲ ಕೇಳೋದಿಲ್ವೇನಮ್ಮ?"

"ಯಾವುದು ಅತ್ತೆ?"

"ಆ ಕಮಿಟ್ಟು. ಎರಡು ಸಲ ಕೇಳ್ತು, ಬೇಡ ಅಂದೆ."

ವಿಜಯವಾಡದ ಕಡೆಯಿಂದ ಸದ್ದಿಲ್ಲ. ನಲವತ್ತು ಸೆಕೆಂಡಿನ ಲೆಕ್ಕ ಆಗ ನನಗೆ ಅರ್ಥವಾಯಿತು, ಅದು ಬಹಳ ಹೊತ್ತು. ಆಮೇಲೆ ಅವಳು, ಒಂದೊಂದೇ ಮಾತನ್ನು ಬಿಡಿಸಿಟ್ಟು, "ಅತ್ತೆ, ದೇವರಾಣೆಗೂ ಈ ಸಲ ಎಸ್ ಅನ್ನಿ," ಎಂದಳು. ಒತ್ತಿದೆ. ಒಂದು ಪಟ್ಟಿ ಮೆಲ್ಲಗೆ ತುಂಬುತ್ತಾ ಹೋಯಿತು. ಒಂದು ನಿಮಿಷ ಕಳೆದಿರಬಹುದು, ಅಲ್ಲಿಂದ ಅವಳು ಬಂತು ಬಂತು ಎಂದು ಕೂಗಿದ್ದು, ಯಾರೋ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಎಂಟು ನಿಮಿಷವಿತ್ತು. ನಾನು ತಟ್ಟೆಗೆ ಅನ್ನ ಹಾಕಿಕೊಂಡು ಆ ಪೆಟ್ಟಿಗೆಯ ಎದುರಿಗೇ ಕೂತು ಉಂಡೆ. ನನ್ನ ಮೇಲಿನ ಸಿಟ್ಟಿಗೆ ಎರಡು ಸಲ ಉಪ್ಪಿನಕಾಯಿ ಹಾಕಿಕೊಂಡೆ.

ರಜನಿ ಸೋಮವಾರ ಸಂಜೆ ಬಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶಾಖೆಯ ಪೂಜೆ ಮುಗಿದ ಮೇಲೆ ಮಂಗಳಗಿರಿಗೆ ಹೋಗಿ ಒಂದು ಸೀರೆ ತಂದಿದ್ದಳು. ಅರಿಶಿನ ಬಣ್ಣದ ನೂಲಿನದು, ಎರಡು ಬೆರಳಗಲ ಹಸಿರು ಅಂಚು. ನಿಮ್ಮ ತಾತ ಹೋದ ಮೇಲೆ ಅಂಥ ಬಣ್ಣವನ್ನು ನಾನು ಮೈಮೇಲೆ ಹಾಕಿಲ್ಲ. ನನ್ನ ಮಡಿಲಲ್ಲಿ ಬಿಡಿಸಿಟ್ಟು, "ನಿಮಗೆ ಅಂತ ತಂದೆ ಅತ್ತೆ, ಬೇಕಾ?" ಎಂದಳು. ಮುಟ್ಟಿದರೆ ಮೆತ್ತಗೆ, ಕಣ್ಣಿಗೆ ತಂಪು. "ಯಾಕಮ್ಮ ಸುಮ್ಮನೆ, ಈ ವಯಸ್ಸಿಗೆ ನನಗೆ ಬೇಡ," ಎಂದೆ. ಸರಿ ಅತ್ತೆ ಎಂದು ಅದನ್ನು ಮಡಿಸಿ, ತನ್ನ ಬೀರುವಿನಲ್ಲಿಟ್ಟು, ಬಾಗಿಲು ಹಾಕಿ, ಕೈತೊಳೆಯಲು ಹೋದಳು.

ಮೂರು ವಾರವಾಯಿತು. ನಾನು ಬೀರುವಿನ ಮುಂದೆ ಬೇಕೆಂದೇ ಕಸ ಗುಡಿಸಿದ್ದೇನೆ, ನನ್ನ ಬಿಳಿ ಸೀರೆ ಸವೆದಿದೆ ಎಂದು ಅವಳಿಗೆ ಕೇಳುವ ಹಾಗೆ ಗೊಣಗಿದ್ದೇನೆ. ಎರಡನೇ ಸಲ ಕೇಳುವ ಲಕ್ಷಣವೇ ಇಲ್ಲ. ಮಕ್ಕಳೇ, ಈ ಕೊನೆಯ ಭಾಗವನ್ನು ನಿಮ್ಮ ಅಮ್ಮ ಮನೆಯಲ್ಲಿರುವಾಗ, ಅಡುಗೆಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಓದಿ. ಓದಿ ಎಂದು ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ.