ಮಂತ್ರಿಗಳ ಸೊಂಟದ ಅಳತೆ

ಬೆಳಿಗ್ಗೆ ಬಲಗೈ ಮೇಲೆತ್ತಿ ಮಹಾರಾಜರ ಪಟಕ್ಕೆ ವಂದಿಸುವಾಗ ಕೃಷಿಮಂತ್ರಿ ಪಾಂಫಿಲ್ ದ್ರಗುಲೆಸ್ಕು ಅವರ ಸಮವಸ್ತ್ರದ ಸೊಂಟದ ಗುಂಡಿ ಕಿತ್ತು ಹಾರಿತು.

ಪಾಂಫಿಲ್ ಮೂರು ಪಕ್ಷಗಳ ಉಪ್ಪು ತಿಂದವರು. ಮಹಾರಾಜರು ಪಕ್ಷಗಳನ್ನೆಲ್ಲ ಮುಚ್ಚಿಸಿ, ಸಂವಿಧಾನವನ್ನು ಮೂಲೆಗಿಟ್ಟು, ಮಂತ್ರಿಗಳಿಗೆ ಜರಿಯ ನೀಲಿ ಸಮವಸ್ತ್ರ ತೊಡಿಸಿದಾಗ ಇಡೀ ಬುಕಾರೆಸ್ಟಿನಲ್ಲಿ ಅವರಷ್ಟು ಹಗುರಾದವರಿರಲಿಲ್ಲ. ಪಕ್ಷ ಬದಲಿಸುವ ತೊಂದರೆಯೇ ತಪ್ಪಿತ್ತು.

ಗುಂಡಿ ಹಿಡಿದುಕೊಂಡು ದರ್ಜಿ ಗರಬೆತ್‌ನ ಅಂಗಡಿಗೆ ಹೋದರೆ, ಅವನು ಹೊಲಿಯುತ್ತಿದ್ದ ಕೋಟಿನ ಮೇಲೆ ಗಬಕ್ಕನೆ ಬಟ್ಟೆ ಎಳೆದ. ಕೊರಳಪಟ್ಟಿಯ ಚಿನ್ನದ ಗೋಧಿತೆನೆ ಇಣುಕುತ್ತಿತ್ತು. ಅದು ಕೃಷಿಮಂತ್ರಿಗೆ ಮಾತ್ರ ಇರುವ ಗುರುತು. ಪಾಂಫಿಲ್ ಬಟ್ಟೆ ಸರಿಸಿದರು. ಸೊಂಟ ತಮ್ಮದರ ಅರ್ಧ.

"ಯಾರಿಗಯ್ಯಾ ಇದು?"

"ಕೇಳ್ಬೇಡಿ ಸ್ವಾಮಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

ಹಿಂದಿನ ಮಂತ್ರಿಗೆ ತಾನು ವಜಾ ಆದ ಸುದ್ದಿ ರೇಡಿಯೊದಿಂದ ತಿಳಿದಿತ್ತು. ತಮಗೆ ದರ್ಜಿಯಿಂದ ತಿಳಿಯುತ್ತಿದೆ, ಅಷ್ಟೇ.

ಕಾಫಿ ಮನೆಯಲ್ಲಿ ಉಪಮಂತ್ರಿ ತಾಸ್ಕು ಕೂತಿದ್ದ. ಪೊರಕೆ ಕಡ್ಡಿಗೆ ಕೋಟು ತೊಡಿಸಿದಂಥ ಆಳು. ಆ ಸೊಂಟ ನೋಡಿ ಪಾಂಫಿಲ್‌ಗೆ ಕೋಟು ಯಾರಿಗೆಂದು ಹೊಳೆಯಿತು.

"ನನ್ನನ್ನ ತೆಗೀತಾರಂತೆ. ನಿನಗೆ ಗೊತ್ತಿಲ್ದೇ ಇರುತ್ತಾ?"

ತಾಸ್ಕು ನಿಧಾನವಾಗಿ ಕಾಫಿ ಕಲಕಿದ. "ಅಣ್ಣಾ, ದಬ್ಬಿಸ್ಕೊಂಡು ಬೀಳೋದಕ್ಕಿಂತ ನೀವೇ ಇಳಿದುಬಿಡಿ. ಸಂವಿಧಾನಕ್ಕೋಸ್ಕರ ಅನ್ನಿ. ನಾಳೆ ಗಾಳಿ ತಿರುಗಿದ್ರೆ ನಿಮ್ಮ ಪ್ರತಿಮೆ ನಿಲ್ಲಿಸ್ತಾರೆ."

ಪ್ರತಿಮೆ ಎಂಬ ಮಾತು ನಾಟಿತು. ಪಾಂಫಿಲ್ ಅಲ್ಲಿಂದಲೇ ಅರಮನೆಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ, "ಸಂವಿಧಾನ ಇಲ್ಲದ ಸಂಪುಟದಲ್ಲಿ ನಾನು ಒಂದು ಗಳಿಗೆಯೂ ಇರಲ್ಲ" ಅಂದರು. ಅದೇ ಸಂವಿಧಾನ ಬೇಡವೆಂದು ಊರೂರು ತಿರುಗಿ ಜನರ ಕೈ ಎತ್ತಿಸಿದವರು ಇವರೇ ಎಂಬುದು ಅಲ್ಲಿನ ಮಾಣಿಗೂ ಗೊತ್ತಿತ್ತು.

ಮನೆಯಲ್ಲಿ ಹೆಂಡತಿ ಸ್ಮರಾಂದಾ ದೊಡ್ಡ ಪೆಟ್ಟಿಗೆ ಮುಂದಿಟ್ಟಳು.

"ಹುಟ್ಟಿದಹಬ್ಬ ಮರೆತ್ರಾ? ಹೊಸ ಸಮವಸ್ತ್ರ ಹೊಲಿಸಿದೀನಿ. ಬಾಯಿ ಬಿಡ್ಬೇಡ ಅಂತ ಗರಬೆತ್‌ಗೆ ಹೇಳಿದ್ದೆ."

ಗೋಧಿತೆನೆ ಮಿರುಗಿತು. ಪಾಂಫಿಲ್ ಕೋಟನ್ನು ಎತ್ತಿ ಹಿಡಿದರು. "ಈ ಸೊಂಟ ಯಾರದ್ದೇ?"

"ನಿಮ್ಮದೇ. ಮದುವೇಲಿದ್ದ ಹಾಗೇ ಇದೀನಿ ಅಂತ ದಿನಾ ಹೇಳ್ತೀರಲ್ಲ, ಮದುವೆ ಕೋಟಿನ ಅಳತೆ ಕೊಟ್ಟೆ. ಗರಬೆತ್ ನಕ್ಕ. ಬೈದು ಹೊಲಿಸ್ದೆ."

ಅಷ್ಟರಲ್ಲಿ ಗರಬೆತ್ ಏದುಸಿರು ಬಿಡುತ್ತ ಬಂದ. "ಸ್ವಾಮಿ, ಆ ಪೆಟ್ಟಿಗೆ ವಾಪಸ್ ಬೇಕಿತ್ತು. ಸಂಜೆ ತಾಸ್ಕು ಸಾಹೇಬ್ರು ಕೃಷಿಮಂತ್ರಿ ಆಗ್ತಾರಂತೆ. ಅವರಿಗೆ ಇದು ಸರಿಯಾಗಿ ಕೂರುತ್ತೆ."

ಪಾಂಫಿಲ್ ಪೆಟ್ಟಿಗೆಯ ಮುಚ್ಚಳ ಹಾಕಿ ಅವನ ಕಡೆ ತಳ್ಳಿದರು. ಆಮೇಲೆ ಬಾಗಿಲು ಮುಚ್ಚಿ, ದನಿ ತಗ್ಗಿಸಿದರು.

"ಹಾಗಾದ್ರೆ ಉಪಮಂತ್ರಿ ಜಾಗ ಖಾಲಿ ಆಯ್ತಲ್ಲ ಗರಬೆತ್. ತಾಸ್ಕುದು ಹಳೇ ಕೋಟು ನನಗಾಗೋ ಹಾಗೆ ಹಿಗ್ಗಿಸಬಹುದಾ?"