ಟೆಂಪ್ಲೇಟಿನೊಳಗೆ ಹಿಡಿಸದ ಸೋದರಮಾವ

ಬಿಟ್ಟಿಯಾಗಿ ಸಿಗುವ ವಸ್ತುವಿನ ಎದುರು ಗಟ್ಟಿಯಾಗಿ ನಿಲ್ಲುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ತರಕಾರಿಯವಳು ಕೊಸರಿಗೆ ಹಾಕುವ ಕರಿಬೇವಿನ ಆಸೆಗೆ ಬೇಡದ ಬದನೆಕಾಯಿ ಕೊಂಡವಳು ನಾನು. ಅಂಗಡಿಯವರು ಹಂಚುವ ಕ್ಯಾಲೆಂಡರುಗಳು ನಮ್ಮ ಮನೆಯಲ್ಲಿರುವ ಗೋಡೆಗಳಿಗಿಂತ ಹೆಚ್ಚಿವೆ. ಇಂಥವಳ ಮುಂದೆ ಒಂದು ಕಂಪ್ಯೂಟರ್ ಇಟ್ಟು, ಅದರಲ್ಲಿ 'ಫ್ರೀ ಡೌನ್‌ಲೋಡ್' ಎಂಬ ಹಸಿರು ಬಟನ್ ಮೂಡಿಸಿದವನು ಯಾರೋ, ಅವನ ಮೇಲೆ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇದನ್ನು ಬರೆಯುವಾಗಲೂ ಕೀಬೋರ್ಡನ್ನು ಕುಟ್ಟುತ್ತಿದ್ದೇನೆ. ಒಳಗಿನಿಂದ ನಮ್ಮ ಯಜಮಾನರು, "ಮೆಲ್ಲಗೆ ಕಣೇ, ಅದು ಹೊಸದು" ಅನ್ನುತ್ತಿದ್ದಾರೆ.

ಶ್ರೀನಿವಾಸಪುರದಲ್ಲಿ ನಮ್ಮದೊಂದು ಸ್ಟುಡಿಯೋ. ಯಜಮಾನರು ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಹೋಗಿ ವಿಡಿಯೋ ಹಿಡಿದು ತರುತ್ತಾರೆ. ಅದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಪೆನ್‌ಡ್ರೈವಿಗೆ ತುಂಬುವುದು ನನ್ನ ಕೆಲಸ. ನಮ್ಮ ಕಸುಬಿನಲ್ಲಿ ಇದಕ್ಕೆ ಮಿಕ್ಸಿಂಗ್ ಅನ್ನುತ್ತಾರೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಮಿಕ್ಸಿ, ಆಮೇಲೆ ಅಂಗಡಿಯಲ್ಲಿ ಮಿಕ್ಸಿಂಗ್. ಎರಡರಲ್ಲೂ ಗದ್ದಲ, ಎರಡರಲ್ಲೂ ಕೊನೆಗೆ ರುಚಿ ಸರಿಯಿಲ್ಲವೆಂಬ ದೂರು.

ಟೆಂಪ್ಲೇಟ್ ಅಂದರೆ ಯಾರೋ ಪುಣ್ಯಾತ್ಮ ಮೊದಲೇ ಮಾಡಿಟ್ಟ ವಿಡಿಯೋದ ಅಚ್ಚು. ಅದರಲ್ಲಿ ಖಾಲಿ ಜಾಗಗಳಿರುತ್ತವೆ. ನಮ್ಮ ದೃಶ್ಯಗಳನ್ನು ಅಲ್ಲಿ ತಂದು ಹಾಕಿದರೆ ಸಾಕು, ಹಾಡಿನ ತಾಳಕ್ಕೆ ತಾನೇ ಕತ್ತರಿಸಿಕೊಂಡು ತಾನೇ ಹಾರಾಡುತ್ತದೆ. ಹೀಗೆಂದು ಹೇಳುವವರು ಅದನ್ನು ಇಳಿಸಿಕೊಳ್ಳುವ ಕಷ್ಟ ಹೇಳುವುದಿಲ್ಲ. ಲಿಂಕ್ ಒತ್ತಿದರೆ ಇನ್ನೊಂದು ಲಿಂಕ್, ಅದನ್ನು ಒತ್ತಿದರೆ ಕೂದಲು ಉದುರುವುದಕ್ಕೆ ಔಷಧಿ. ಅಲ್ಲಿಂದ ಪಾರಾಗಿ ಬಂದರೆ ಫೈಲಿಗೆ ಬೀಗ. ಪಾಸ್‌ವರ್ಡ್ ಬೇಕಾದರೆ ಆ ಮಹಾನುಭಾವನ ವಿಡಿಯೋವನ್ನು ಕಡೆಯತನಕ ನೋಡಬೇಕು. ನೋಡುತ್ತೇನೆ, ಹಲ್ಲು ಕಡಿಯುತ್ತಾ ನೋಡುತ್ತೇನೆ. ಕೊನೆಗೆ ಬೀಗ ತೆಗೆದು ಕನ್ನಡದಲ್ಲಿ ಹೆಸರು ಹಾಕಿದರೆ ಒತ್ತಕ್ಷರಗಳೆಲ್ಲ ಸಾಲು ಬಿಟ್ಟು ಅಡ್ಡಾದಿಡ್ಡಿ ಓಡುತ್ತವೆ.

ಬಣ್ಣದ ಪ್ರೀಸೆಟ್‌ಗಳ ಕಥೆಯಂತೂ ಕೇಳಲೇಬೇಡಿ. ಒಂದೇ ಒತ್ತಿಗೆ ಸಿನಿಮಾದ ಕಳೆ ಬರುತ್ತದೆಂದು ಬಿಟ್ಟಿ ಪ್ರೀಸೆಟ್ ಒಂದನ್ನು ಹಾಕಿದೆ. ಮಾಲೂರಿನಿಂದ ಒಬ್ಬಾಕೆ ಬಂದು ಅಂಗಡಿಯಲ್ಲಿ ನಿಂತು, "ನಾನು ಉಟ್ಟಿದ್ದು ಗಿಳಿಹಸಿರು. ಇದ್ಯಾವ್ದು ನೀಲಿ? ನಮ್ಮ ವಾರಗಿತ್ತಿ ಸೀರೆ ನಂಗ್ಯಾಕ್ ಉಡಿಸಿದ್ದೀರಾ?" ಎಂದು ಜಾಡಿಸಿದರು. ಶಿವಾರಪಟ್ಟಣದ ಶಿಲ್ಪಿಯೊಬ್ಬರು ತಾವು ಕೆತ್ತಿದ ವಿಗ್ರಹಗಳ ವಿಡಿಯೋ ಮಾಡಿಸಿಕೊಂಡರು. ಟೆಂಪ್ಲೇಟಿನಲ್ಲಿ ಚಿತ್ರವೆಲ್ಲ ಗಡಗಡ ನಡುಗುವ ಒಂದು ಚಮತ್ಕಾರ ಇತ್ತು. ಅವರು ಬೈಯಲಿಲ್ಲ. "ಅಲುಗಾಡದಂಗೆ ಕೂರ್ಸೋಕೆ ಎಷ್ಟು ಕಷ್ಟಪಟ್ಟಿದ್ದೀನಿ, ನೀವು ದೇವ್ರಿಗೆ ಚಳಿಜ್ವರ ಬರ್ಸಿದ್ದೀರಲ್ಲಮ್ಮ" ಅಂದರು. ಬೈದಿದ್ದರೆ ವಾಸಿಯಿತ್ತು.

ಇಷ್ಟಾದರೂ ಬುದ್ಧಿ ಬರಲಿಲ್ಲ ಎನ್ನುವುದಕ್ಕೆ ಬೈರಕೂರಿನ ಸರೋಜಮ್ಮನವರ ಮಗಳ ಮದುವೆಯೇ ಸಾಕ್ಷಿ. ಸರೋಜಮ್ಮನಿಗೂ ಅವರ ಅಣ್ಣ ಮುನಿವೆಂಕಟಪ್ಪನಿಗೂ ಬಹಳ ಕಾಲದಿಂದ ಮಾತಿರಲಿಲ್ಲ. ಅಮ್ಮನ ತಿಥಿಗೆ ಯಾರು ಯಾರನ್ನು ಸರಿಯಾಗಿ ಕರೆಯಲಿಲ್ಲ ಎಂದು ಶುರುವಾದ ಮುನಿಸು. ಆದರೆ ನಮ್ಮ ಕಡೆ ಮದುಮಗಳನ್ನು ಮಂಟಪಕ್ಕೆ ಎತ್ತಿಕೊಂಡು ಬರಬೇಕಾದವನು ಸೋದರಮಾವ. ಈಗೀಗ ಎಷ್ಟೋ ಜನ ಕೈ ಹಿಡಿದು ಕರೆತಂದು ಮುಗಿಸುತ್ತಾರೆ. ಮುನಿವೆಂಕಟಪ್ಪ ಬರುತ್ತಾರೋ ಇಲ್ಲವೋ ಎಂದು ಎಲ್ಲರೂ ಬಾಗಿಲು ನೋಡುತ್ತಿದ್ದಾಗ ಅವರು ಬಂದರು. ಬಂದು, ಮೊಣಕಾಲು ನೋವಿದ್ದರೂ ಪಂಚೆ ಬಿಗಿದು, ಹುಡುಗಿಯನ್ನು ಎತ್ತಿಕೊಂಡೇ ನಡೆದರು. ಅರ್ಧ ದಾರಿಯಲ್ಲಿ ಒಮ್ಮೆ ನಿಂತು ಏದುಸಿರು ಬಿಟ್ಟರಂತೆ. ಛತ್ರದಲ್ಲಿದ್ದ ಹೆಂಗಸರೆಲ್ಲ ಕಣ್ಣೊರೆಸಿಕೊಂಡರೆಂದು ಯಜಮಾನರು ಮನೆಗೆ ಬಂದು ಹೇಳಿದರು. "ಪೂರ್ತಿ ಹಿಡಿದಿದ್ದೀನಿ, ಅದನ್ನ ಕತ್ತರಿಸಬೇಡ" ಎಂದೂ ಹೇಳಿದರು.

ನಾನು ಕತ್ತರಿಸಲಿಲ್ಲ, ನಿಜವಾಗಿಯೂ ಇಲ್ಲ. ಟೆಂಪ್ಲೇಟಿನ ಬಾಯಿಗೆ ಹಾಕಿ ಸಾರಿಗೆ ಒಗ್ಗರಣೆ ಕೊಡಲು ಎದ್ದುಹೋದೆ. ಬರುವಷ್ಟರಲ್ಲಿ ವಿಡಿಯೋ ಸಿದ್ಧ. ಮಾವಿನ ಸುಗ್ಗಿಯ ಹಾಗೆ ಮದುವೆಗಳು ಬಿದ್ದಿದ್ದವು, ನೋಡುವ ಪುರುಸೊತ್ತಿಲ್ಲದೆ ಕಳಿಸಿಬಿಟ್ಟೆ.

ಮಗಳು ಅಳಿಯ ಊಟಕ್ಕೆ ಬಂದ ದಿನ ಸರೋಜಮ್ಮ ಅಣ್ಣನನ್ನೂ ಕರೆಸಿ, ಟಿವಿಯ ಎದುರು ಮೊದಲ ಕುರ್ಚಿಯಲ್ಲಿ ಕೂರಿಸಿ ವಿಡಿಯೋ ಹಾಕಿದರು. ಆ ಟೆಂಪ್ಲೇಟಿನ ಜಾಗಗಳೋ, ಸಿನಿಮಾ ಪರದೆಯ ಹಾಗೆ ಅಗಲವಾದ ಪಟ್ಟಿಗಳು. ದೃಶ್ಯವನ್ನು ಮೇಲೂ ಕೆಳಗೂ ಚೊಕ್ಕವಾಗಿ ಕೊಯ್ದಿದ್ದವು. ಮದುಮಗಳ ಮುಖ ಬಂತು, ಅವಳ ಕೆಳಗೆ ಎರಡು ಕೈ ಬಂದವು, ಪಕ್ಕದಲ್ಲಿ ಒಂದು ಷರ್ಟಿನ ಗುಂಡಿಗಳು ಬಂದವು. ಡಮ್ ಎಂದು ಡ್ರಮ್ ಬಡಿಯಿತು, ಒಂದು ಕೆಂಪು ಹೃದಯ ಒಡೆದು ಚೂರಾಯಿತು, ಆಮೇಲೆ ಹುಡುಗನ ಕಡೆಯವರು ಬಂದರು. ಮುನಿವೆಂಕಟಪ್ಪನ ತಲೆ ಎಲ್ಲೂ ಬರಲಿಲ್ಲ.

ನಮ್ಮ ಸೀಮೆಯಲ್ಲಿ ಸಿಟ್ಟು ನೆತ್ತಿಗೇರಿದಾಗ ಮಾತು ತೆಲುಗಿಗೆ ತಿರುಗುತ್ತದೆ. "ನಾ ತಲಕಾಯ ಎಕ್ಕಡ?" ಎಂದು ಅವರು ಎದ್ದು ನಿಂತರಂತೆ. ನನ್ನ ತಲೆ ಎಲ್ಲಿ ಎಂದರೆ ಯಾರು ಉತ್ತರ ಕೊಡಬೇಕು? ತಂಗಿಯೇ ಹೇಳಿ ತೆಗೆಸಿದ್ದಾಳೆ, ಹೊರೋಕೆ ಬೇಕಾಗಿದ್ದೆ, ತೋರಿಸೋಕೆ ಬೇಡವಾದೆ ಎಂದು ಕೂಗಾಡಿ, ಎಲೆಯ ಮುಂದೆ ಕೂರದೆ ಹೊರಟುಹೋದರು. ಸರೋಜಮ್ಮ ನನಗೆ ಫೋನ್ ಮಾಡಿದರು. ಅಳುತ್ತಿದ್ದರೋ ಬೈಯುತ್ತಿದ್ದರೋ ಗೊತ್ತಾಗಲಿಲ್ಲ.

"ಮಂಜಕ್ಕಾ, ನಮ್ಮಣ್ಣನ ತಲೆ ಏನ್ ಮಾಡಿದ್ರಿ?"

"ನಾನಲ್ಲ ಸರೋಜಮ್ಮ, ಅದು ಟೆಂಪ್ಲೇಟು..."

"ಅವ್ರ್ಯಾರು? ನಂಬರ್ ಕೊಡಿ, ನಾನೇ ಮಾತಾಡ್ತೀನಿ. ಎಷ್ಟು ವರ್ಷದ ಮೇಲೆ ಬಂದಿದ್ದ ನಮ್ಮಣ್ಣ, ಗೊತ್ತಾ ನಿಮ್ಗೆ? ಇನ್ನು ನಾನು ಸತ್ರೂ ಬರಲ್ಲ ಅವ್ನು."

ನನಗೆ ಮೈಯೆಲ್ಲ ಉರಿದುಹೋಯಿತು. ಟೆಂಪ್ಲೇಟ್ ಸಿಕ್ಕಿದ್ದ ಜಾಗಕ್ಕೆ ಹೋಗಿ, ಅದರ ಕೆಳಗೆ, ಸ್ವಾಮಿ, ನಿಮ್ಮ ಅಚ್ಚಿನಿಂದ ಒಂದು ಮನೆ ಒಡೆದಿದೆ, ಮನುಷ್ಯರಿಗೆ ತಲೆ ಇರುತ್ತದೆ ಎಂಬುದನ್ನು ಇನ್ನು ಮುಂದಾದರೂ ಗಮನದಲ್ಲಿಡಿ ಎಂದು ಬರೆದೆ. ತಕ್ಷಣ ಉತ್ತರ ಬಂತು: ಜೋಡಿಸಿದ ಎರಡು ಕೈ, ಧನ್ಯವಾದ, ಗೆಳೆಯರಿಗೂ ಹಂಚಿಕೊಳ್ಳಿ. ಆ ಕೈಗಳನ್ನು ನೋಡಿ ನನಗೆ ಬಂದ ಸಿಟ್ಟಿಗೆ ಎದುರಿಗೆ ಸಿಕ್ಕವರು ಯಜಮಾನರು. ಅವರಿಗೆ ಆ ದಿನ ಕಾಫಿ ಸಿಗಲಿಲ್ಲ.

ಅವರು ಹಿಡಿದಿದ್ದ ಮೂಲ ವಿಡಿಯೋವನ್ನು ಆಗಲೇ ನಾನು ಮೊದಲ ಸಲ ಪೂರ್ತಿ ನೋಡಿದ್ದು. ಆಮೇಲೆ ಅದಕ್ಕೆ ಹಾಡೂ ಹಾಕದೆ, ಹೃದಯವನ್ನೂ ಒಡೆಯದೆ, ಹಾಗೇ ಲ್ಯಾಪ್‌ಟಾಪಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಬೈರಕೂರಿನಲ್ಲಿ ಸರೋಜಮ್ಮನನ್ನು ಹೊರಡಿಸಿಕೊಂಡು ಪಕ್ಕದ ಊರಿಗೆ, ಅವರ ಅಣ್ಣನ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತು ಟೊಮೇಟೊ ಕ್ರೇಟು ಸರಿಮಾಡುತ್ತಿದ್ದರು. ನನ್ನನ್ನು ನೋಡಿ ಬಾ ಅನ್ನಲಿಲ್ಲ, ತಂಗಿಯನ್ನು ನೋಡಲೇ ಇಲ್ಲ. ನಾನು ಒಂದು ಕ್ರೇಟನ್ನು ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, "ಬೈಯೋದಾದ್ರೆ ನೋಡ್ಬಿಟ್ಟು ನನ್ನ ಬೈಯಿರಿ, ನಿಮ್ಮ ತಂಗೀನಲ್ಲ" ಅಂದೆ.

ವಿಡಿಯೋದಲ್ಲಿ ಮುನಿವೆಂಕಟಪ್ಪ ತಲೆಸಮೇತ ನಡೆದು ಬಂದರು. ಅವರ ಏದುಸಿರು ಕೇಳಿಸುತ್ತಿತ್ತು. ಯಾರೋ, "ಇಳ್ಸು ಮಾವ, ಸೊಂಟ ಹೋದಾತು" ಎಂದು ನಗುತ್ತಿದ್ದರು. ಅರ್ಧ ದಾರಿಯಲ್ಲಿ ನಿಂತರು, ಮೊಣಕಾಲು ಒಮ್ಮೆ ಕುಸಿಯಿತು. ಆಗ ಹಿಂದಿನಿಂದ ಸೀರೆಯ ಸೆರಗೊಂದು ಬಂತು. ಸರೋಜಮ್ಮ ಎರಡೂ ಕೈಗಳನ್ನು ಅಣ್ಣನ ಬೆನ್ನಿಗೆ ಕೊಟ್ಟು, ಹಣೆಯನ್ನೂ ಅದೇ ಬೆನ್ನಿಗೆ ಆನಿಸಿ, ಮಂಟಪ ಮುಟ್ಟುವವರೆಗೂ ಹಾಗೇ ನಡೆದಿದ್ದರು.

"ಇನ್ನೊಂದ್ ಸಲ ಹಾಕಿ" ಅಂದರು ಮುನಿವೆಂಕಟಪ್ಪ. ಹಾಕಿದೆ. ನೋಡಿ ತಂಗಿಯ ಕಡೆ ತಿರುಗಿದರು.

"ಹಿಂದ್ಗಡೆಯಿಂದ ಆತುಕೊಂಡಿದ್ದು ನೀನಾ? ಯಾವನೋ ಅಡುಗೆಯೋನು ಅಂದ್ಕೊಂಡಿದ್ದೆ."

"ಮತ್ತಿನ್ಯಾರು? ನೀನು ಬಿದ್ರೆ ನನ್ ಮಗಳೂ ಬೀಳ್ತಿರ್ಲಿಲ್ವಾ?"

"ಓಹೋ, ಮಗಳಿಗೋಸ್ಕರ."

"ಹೂಂ, ಮಗಳಿಗೋಸ್ಕರ" ಎಂದು ಸರೋಜಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. ಮುನಿವೆಂಕಟಪ್ಪ ಒಳಗೆ ತಿರುಗಿ, "ಲೇ, ನನ್ ತಂಗಿ ಬಂದವ್ಳೆ, ಮುದ್ದೆಗೆ ನೀರಿಡು" ಎಂದು ಹೆಂಡತಿಗೆ ಕೂಗಿದರು. ನನ್ನನ್ನು ಬೈಯುವುದು ಇಬ್ಬರಿಗೂ ಮರೆತುಹೋಯಿತು. ನಾನೂ ನೆನಪು ಮಾಡಲಿಲ್ಲ, ಊಟ ಮಾಡಿಕೊಂಡು ಬಂದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಆ ವಿಡಿಯೋ ಊರೂರು ಸುತ್ತಿತು. ಬಂದವರೆಲ್ಲ, "ಮುನಿವೆಂಕಟಪ್ಪಂದು ಮಾಡಿದ್ರಲ್ಲ, ಹಂಗೇ ಮಾಡ್ಕೊಡಿ" ಅನ್ನತೊಡಗಿದರು. ಮದುವೆಗಳ ಸುಗ್ಗಿ ಬೇರೆ, ಕೆಲಸ ಬೆಟ್ಟದಷ್ಟಿತ್ತು. ಪ್ರತಿಸಲ ಹೊಸದಾಗಿ ಯಾರು ಜೋಡಿಸುತ್ತಾರೆಂದು, ಬಾಗಿಲಿಂದ ನಡಿಗೆ, ನಡುವೆ ನಿಲ್ಲುವುದು, ಹತ್ತಿರದಿಂದ ಮುಖ, ಮಂಟಪ, ಇಷ್ಟಕ್ಕೂ ಅಳೆದು ಜಾಗ ಮಾಡಿ ನನ್ನದೇ ಒಂದು ಟೆಂಪ್ಲೇಟು ತಯಾರಿಸಿ, 'ಸೋದರಮಾವ' ಎಂದು ಹೆಸರಿಟ್ಟು ಉಳಿಸಿಕೊಂಡೆ.

ಕಳೆದ ವಾರ ಮುಳಬಾಗಿಲಿನ ಛತ್ರದಲ್ಲಿ ಒಂದು ಮದುವೆ. ಸಹಾಯಕ್ಕೆಂದು ನಾನೂ ಹೋಗಿದ್ದೆ. ಸೋದರಮಾವ ಗಟ್ಟಿಮುಟ್ಟಾದ ಆಳು, ಹುಡುಗಿಯನ್ನು ಹೂವಿನ ಬುಟ್ಟಿಯ ಹಾಗೆ ಎತ್ತಿಕೊಂಡು ನಾಲ್ಕು ಹೆಜ್ಜೆಗೆ ಮಂಟಪದಲ್ಲಿ ಇಳಿಸಿಬಿಟ್ಟರು. ಅರ್ಧ ಟೆಂಪ್ಲೇಟು ಖಾಲಿ! ಓಡಿಹೋಗಿ ಯಜಮಾನರ ತೋಳು ಹಿಡಿದು, "ರೀ, ಅವ್ರನ್ನ ವಾಪಸ್ ಬಾಗಿಲಿಗೆ ಕಳಿಸ್ರೀ. ನಿಧಾನಕ್ಕೆ ಬರ್ಲಿ, ಮಧ್ಯ ಒಂದ್ಸಲ ನಿಂತು ಏದುಸಿರು ಬಿಡ್ಲಿ" ಅಂದೆ.

ಯಜಮಾನರು ಕ್ಯಾಮೆರಾದಿಂದ ಕಣ್ಣು ತೆಗೆದು ನನ್ನನ್ನೇ ನೋಡಿದರು. "ಅವ್ರ ಮೊಣಕಾಲು ಚೆನ್ನಾಗೇ ಇದೆಯಲ್ಲೇ!"

"ಅದೇ ರೀ ಈಗ ತೊಂದ್ರೆ ಆಗಿರೋದು" ಎಂದು ನಾನು ಅವರ ಮೇಲೇ ರೇಗಿದೆ.